ಒಂದು ಬಾಯಿಗೆ ಒಂಬತ್ತು ಬಾಗಿಲು: ವೈದ್ಯಕೀಯ ಶಿಕ್ಷಣ ಸಚಿವರಿಗೆ ಸಾಗರದಿಂದ ಒಂದು ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕುಲಪತಿಗಳಿಗೆ, ಮತ್ತು ನಮ್ಮ ಶಿವಮೊಗ್ಗ ಜಿಲ್ಲೆಯ ಜನರಿಗೆ,

ನಮಸ್ಕಾರ.

ನಾನು ಸಾಗರ ತಾಲ್ಲೂಕಿನವಳು. ಹಲ್ಲಿನ ಡಾಕ್ಟರ್. ಕರ್ನಾಟಕದಲ್ಲೇ ಬಿಡಿಎಸ್ ಓದಿದೆ. ಮದುವೆಯಾದ ಮೇಲೆ ಕೆಲವು ವರ್ಷ ಅಮೆರಿಕದಲ್ಲಿದ್ದೆ. ಅಲ್ಲಿ ಒಂದು ವರ್ಷದ ತರಬೇತಿ ಮುಗಿಸಿದೆ. ಬೇರೆ ದೇಶದಲ್ಲಿ ಓದಿ ಬಂದ ದಂತವೈದ್ಯರನ್ನೂ ಸೇರಿಸಿಕೊಳ್ಳುವ ತರಬೇತಿ ಅದು. ವಯಸ್ಕರ ಬಾಯಿಯನ್ನು ಇಡಿಯಾಗಿ ನೋಡಿಕೊಳ್ಳುವುದು ಹೇಗೆ ಅನ್ನುವುದೇ ಅಲ್ಲಿನ ಪಾಠ. ಅಪ್ಪ ಅಮ್ಮನಿಗೆ ವಯಸ್ಸಾಯಿತು ಅಂತ ಊರಿಗೆ ಮರಳಿದೆವು. ಈಗ ಇಲ್ಲೇ ಕ್ಲಿನಿಕ್ ನಡೆಸುತ್ತೇನೆ.

ಆ ಒಂದು ವರ್ಷ ನಮ್ಮ ಶಿವಮೊಗ್ಗದಲ್ಲೂ ಸಿಗಬೇಕು. ಅದನ್ನು ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಬಿಡಿಎಸ್ ಮುಗಿಸಿ ಆಗ ಒಂದು ವರ್ಷವೂ ಆಗಿರಲಿಲ್ಲ. ಒಬ್ಬರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದೆ. ಒಂದು ಸಂಜೆ ಅರವತ್ತು ದಾಟಿದ ಒಬ್ಬರು ಹಳ್ಳಿಯಿಂದ ಬಂದರು. ದವಡೆ ಹಲ್ಲು ಅಲ್ಲಾಡುತ್ತಿತ್ತು. ಎರಡು ರಾತ್ರಿ ನಿದ್ದೆ ಇರಲಿಲ್ಲ. "ಕಿತ್ತುಬಿಡಿ ಅಮ್ಮ" ಅಂದರು. ಕಿತ್ತೆ. ಎರಡು ನಿಮಿಷದ ಕೆಲಸ. ಹತ್ತಿ ಕಚ್ಚಿಸಿ, ಮಾತ್ರೆ ಬರೆದುಕೊಟ್ಟು ಕಳಿಸಿದೆ.

ರಾತ್ರಿ ಹನ್ನೊಂದಕ್ಕೆ ಅವರ ಮಗಳ ಫೋನ್ ಬಂತು. ರಕ್ತ ನಿಲ್ಲುತ್ತಿಲ್ಲ, ದಿಂಬೆಲ್ಲ ಒದ್ದೆಯಾಗಿದೆ ಅಂದಳು. ಜೋರು ಮಳೆಗಾಲ. ಅವರ ಮನೆಯಿಂದ ಟಾರು ರಸ್ತೆಗೆ ಬರುವುದಕ್ಕೇ ಅರ್ಧ ಗಂಟೆ ಬೇಕು. ಜೀಪು ಮಾಡಿಕೊಂಡು ಶಿವಮೊಗ್ಗಕ್ಕೆ ಹೋದರು. ಅಲ್ಲಿ ಹೊಲಿಗೆ ಹಾಕಿ ರಕ್ತ ನಿಲ್ಲಿಸಿದರು. ಆಮೇಲೆ ಗೊತ್ತಾಯಿತು. ಅವರಿಗೆ ಹಿಂದೆ ಆಪರೇಷನ್ ಮಾಡಿ ಹೃದಯಕ್ಕೆ ಕೃತಕ ಕವಾಟ ಹಾಕಿದ್ದರು. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆಯನ್ನು ದಿನಾ ನುಂಗುತ್ತಿದ್ದರು. ನಾನು "ಬಿಪಿ, ಶುಗರ್ ಇದೆಯಾ" ಅಂತ ಕೇಳಿದ್ದೆ. ಇಲ್ಲ ಅಂದಿದ್ದರು. ಅವರು ಹೇಳಿದ್ದು ನಿಜವೇ. ಬಿಪಿಯೂ ಇರಲಿಲ್ಲ, ಶುಗರೂ ಇರಲಿಲ್ಲ. ನಾನು ಕೇಳಬೇಕಾದದ್ದನ್ನು ಕೇಳಿರಲಿಲ್ಲ.

ವಾರ್ಫರಿನ್ ತೆಗೆದುಕೊಳ್ಳುವವರ ಹಲ್ಲು ಕೀಳಲೇಬಾರದು ಅಂತೇನಿಲ್ಲ. ರಕ್ತ ಎಷ್ಟು ತೆಳುವಾಗಿದೆ ಅನ್ನುವುದಕ್ಕೆ ಐಎನ್‌ಆರ್ ಅನ್ನುವ ಪರೀಕ್ಷೆ ಇದೆ. ಅದು 4ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ನಿಲ್ಲಿಸದೇ ಹಲ್ಲು ಕೀಳಬಹುದು ಅನ್ನುತ್ತದೆ ಸ್ಕಾಟ್ಲೆಂಡಿನ ದಂತವೈದ್ಯರ ಮಾರ್ಗಸೂಚಿ. ಕಿತ್ತ ಗುಳಿಗೆ ಸ್ಪಂಜಿನಂಥ ವಸ್ತು ತುಂಬಿ, ಒಂದು ಹೊಲಿಗೆ ಹಾಕಿ, ರಕ್ತ ನಿಂತಿದ್ದನ್ನು ಕಣ್ಣಾರೆ ನೋಡಿ ಕಳಿಸಬೇಕು. ಸುಮ್ನೆ ಮಾತ್ರೆ ನಿಲ್ಲಿಸಿ ಅನ್ನುವುದೂ ಅಪಾಯ, ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇನ್ನೊಂದು ಮಾತು. ಕೃತಕ ಕವಾಟ ಇರುವವರಿಗೆ, ಅಲರ್ಜಿ ಇಲ್ಲದಿದ್ದರೆ, ಹಲ್ಲು ಕೀಳುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್ ಕೊಡಬೇಕು. ಇಲ್ಲದಿದ್ದರೆ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಕವಾಟದ ಮೇಲೆ ಕೂರಬಹುದು. ಅದನ್ನೂ ನಾನು ಕೊಟ್ಟಿರಲಿಲ್ಲ.

ಇದೆಲ್ಲ ನನಗೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಪುಸ್ತಕದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ಅಂಥ ಒಬ್ಬ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು, ಹಿಂದೆ ಒಬ್ಬ ಅನುಭವಿ ಡಾಕ್ಟರ್ ನಿಂತು, "ತಡಿ, ಇವರು ಯಾವ ಯಾವ ಮಾತ್ರೆ ತಗೊಳ್ತಾರೆ ಕೇಳು" ಅಂತ ಒಮ್ಮೆಯೂ ನನ್ನ ಕೈ ಹಿಡಿದು ನಿಲ್ಲಿಸಿರಲಿಲ್ಲ. ಅವರು ಬದುಕಿದರು. ಮುಂದಿನ ವರ್ಷ ಅವರ ಮಗಳ ಮದುವೆಗೆ ನನ್ನನ್ನು ಕರೆದರು ಕೂಡ. ಹೋಗುವುದಕ್ಕೆ ನನಗೆ ಧೈರ್ಯ ಬರಲಿಲ್ಲ.

ನಮ್ಮ ಬಿಡಿಎಸ್ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಅದರ ಮೇಲೆ ಓದಿದರೆ ಮೂರು ವರ್ಷದ ಎಂಡಿಎಸ್. ಎಂಡಿಎಸ್‌ನಲ್ಲಿ ಒಂಬತ್ತು ವಿಭಾಗ. ವಸಡಿಗೊಂದು, ಬೇರಿನ ಚಿಕಿತ್ಸೆಗೊಂದು, ಕಟ್ಟುವ ಹಲ್ಲಿಗೊಂದು, ದವಡೆಯ ಸರ್ಜರಿಗೊಂದು, ವಕ್ರದಂತಕ್ಕೊಂದು, ಬಾಯಿಯ ಕಾಯಿಲೆ ಮತ್ತು ಎಕ್ಸ್‌ರೇಗೊಂದು, ಪೆಥಾಲಜಿಗೊಂದು, ಸಾರ್ವಜನಿಕ ದಂತ ಆರೋಗ್ಯಕ್ಕೊಂದು, ಮಕ್ಕಳಿಗೊಂದು. ಮಕ್ಕಳಿಗೆ ಬೇರೆ ವಿಭಾಗ ಇದೆ, ಇರಲೇಬೇಕು. ವಯಸ್ಸಾದವರಿಗೆ ಇಲ್ಲ. ಐದಾರು ಕಾಯಿಲೆ, ಏಳೆಂಟು ಮಾತ್ರೆ, ಅರ್ಧ ಹಲ್ಲು ಹೋದ ಬಾಯಿ ಇಟ್ಟುಕೊಂಡು ಬರುವ ನಮ್ಮ ಅಜ್ಜ ಅಜ್ಜಿಯರನ್ನು ಪೂರ್ತಿಯಾಗಿ ನೋಡುವ ವಿಭಾಗ ಆ ಒಂಬತ್ತರಲ್ಲಿ ಒಂದೂ ಇಲ್ಲ. ಇಂಟರ್ನ್‌ಶಿಪ್ ಕೂಡ ಈ ವಿಭಾಗಗಳನ್ನೇ ಸುತ್ತುತ್ತದೆ. ಇಲ್ಲಿ ಕೆಲವು ವಾರ, ಅಲ್ಲಿ ಕೆಲವು ವಾರ. ಇಷ್ಟು ಹಲ್ಲು ಕಿತ್ತಿರಬೇಕು, ಇಷ್ಟು ಕ್ಲೀನಿಂಗ್ ಮಾಡಿರಬೇಕು, ಇಷ್ಟು ಹಲ್ಲಿನ ಸೆಟ್ಟು ಕಟ್ಟಿರಬೇಕು ಅನ್ನುವ ಲೆಕ್ಕ. ನನ್ನ ಲೆಕ್ಕ ಪೂರ್ತಿಯಾಗಿತ್ತು. ಆದರೆ ಒಬ್ಬರೇ ಒಬ್ಬರನ್ನು ಮೊದಲ ದಿನದಿಂದ ಕೊನೆಯ ದಿನದವರೆಗೆ ನಾನೇ ನೋಡಿದ್ದು ಅಂತ ಇರಲಿಲ್ಲ.

ರೋಗಿಯ ಕಡೆಯಿಂದ ಇದು ಹೇಗಿರುತ್ತದೆ ಅಂತ ನನಗೆ ತಿಳಿಸಿದ್ದು ತುಮರಿ ಕಡೆಯ ಒಬ್ಬ ಅಜ್ಜಿ. ಶರಾವತಿ ಹಿನ್ನೀರಿನ ಆಚೆಯ ಊರುಗಳು ನಿಮಗೆ ಗೊತ್ತಿರುತ್ತವೆ. 2025ರ ಜುಲೈಯಲ್ಲಿ ಸೇತುವೆ ಆಗುವವರೆಗೆ ಅಲ್ಲಿನ ಜನ ಲಾಂಚ್ ಹತ್ತಿಯೇ ಸಾಗರಕ್ಕೆ ಬರುತ್ತಿದ್ದರು. ಈ ಅಜ್ಜಿ ಲಾಂಚ್, ಬಸ್ಸು, ಇನ್ನೊಂದು ಬಸ್ಸು ಅಂತ ಹತ್ತಿ ಇಳಿದು ದೂರದ ಒಂದು ಹಲ್ಲಿನ ಆಸ್ಪತ್ರೆಗೆ ಹೋಗಿದ್ದರಂತೆ. ಮೊದಲ ದಿನ ಚೀಟಿ, ಎಕ್ಸ್‌ರೇ. ವಸಡಿನ ವಿಭಾಗಕ್ಕೆ ಹೋಗಿ ಅಂದರು. ಅಲ್ಲಿ ಕ್ಲೀನಿಂಗ್ ಆಯಿತು. ಮುಂದಿನ ವಾರ ಬೇರೆ ವಿಭಾಗಕ್ಕೆ ಬನ್ನಿ ಅಂದರು. ಅಲ್ಲಿ ಕೂತವರು, ಈ ಹಲ್ಲುಗಳು ಉಳಿಯುತ್ತವೋ ಇಲ್ಲವೋ ವಸಡಿನವರೇ ಹೇಳಬೇಕು ಅಂದರು. ಸೆಟ್ಟಿನವರು, ಮೊದಲು ಎಲ್ಲ ಕಿತ್ತು ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಕೀಳುವವರು, ಬಿಪಿ ಜಾಸ್ತಿ ಇದೆ, ಡಾಕ್ಟರ್ ಚೀಟಿ ತನ್ನಿ ಅಂದರು. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ಅಜ್ಜಿ ಮಾತ್ರ ನಾಲ್ಕನೇ ಸಲಕ್ಕೆ ಹೋಗುವುದನ್ನೇ ಬಿಟ್ಟರು.

ನನ್ನಲ್ಲಿಗೆ ಬಂದಾಗ ಅವರು ಎರಡು ವರ್ಷದಿಂದ ಗಂಜಿ, ಮಜ್ಜಿಗೆಯಲ್ಲಿ ನೆನೆಸಿದ ಅಕ್ಕಿ ರೊಟ್ಟಿ ತಿಂದುಕೊಂಡಿದ್ದರು. ಬೆಂಗಳೂರಿನ ಮಗ ವಿಡಿಯೋ ಕಾಲ್ ಮಾಡಿದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಿದ್ದರು.

ಅವರ ಬಾಯಿ ನೋಡಿದೆ. ನಾಲಿಗೆ ಒಣಗಿ ಅಂಟಿಕೊಳ್ಳುತ್ತಿತ್ತು. ಬಿಪಿ ಮಾತ್ರೆ, ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆ ಇವೆಲ್ಲ ಸೇರಿದರೆ ಎಷ್ಟೋ ಜನರಿಗೆ ಜೊಲ್ಲು ಕಡಿಮೆಯಾಗುತ್ತದೆ. ಜೊಲ್ಲು ಕಡಿಮೆಯಾದರೆ ವಸಡು ಇಳಿದ ಜಾಗದಲ್ಲಿ, ಹಲ್ಲಿನ ಬುಡದಲ್ಲಿ ಹುಳುಕು ಬೇಗ ಹಿಡಿಯುತ್ತದೆ. ಹಾಗಾಗಿ ಬರೀ ಹುಳುಕು ತುಂಬಿಸಿದರೆ ಪ್ರಯೋಜನ ಇಲ್ಲ. ಮೊದಲು ಅವರ ಡಾಕ್ಟರ್ ಹತ್ತಿರ ಮಾತಾಡಿ ಒಂದು ಮಾತ್ರೆ ಬದಲಾಯಿಸಿದೆವು. ಆಮೇಲೆ ನೋವಿರುವ ಹಲ್ಲು ಕಿತ್ತೆ. ವಸಡು ಶುಚಿ ಮಾಡಿ, ಫ್ಲೋರೈಡ್ ಹಚ್ಚಿ, ಆರು ವಾರ ಕಾದೆ. ಕೆಳದವಡೆಯ ಎರಡು ಕೋರೆಹಲ್ಲುಗಳನ್ನು ಎಲ್ಲರೂ ಕೀಳಬೇಕು ಅಂದಿದ್ದರು. ನಾನು ಕೀಳಲಿಲ್ಲ. ಬೇರಿನ ಚಿಕಿತ್ಸೆ ಮಾಡಿ, ವಸಡಿನ ಮಟ್ಟಕ್ಕೆ ಕತ್ತರಿಸಿ, ಅದರ ಮೇಲೆ ಸೆಟ್ಟು ಕೂರಿಸಿದೆ. ಬೇರು ಉಳಿದರೆ ದವಡೆಯ ಎಲುಬು ಅಷ್ಟು ಬೇಗ ಸವೆಯುವುದಿಲ್ಲ. ಕೆಳಗಿನ ಸೆಟ್ಟು ಜಾರುವುದಿಲ್ಲ. ಇದು ಹೊಸ ವಿದ್ಯೆಯೇನಲ್ಲ, ನಮ್ಮ ಪುಸ್ತಕಗಳಲ್ಲೂ ಇದೆ. ಆದರೆ ಇದನ್ನು ಯೋಚಿಸಬೇಕಾದರೆ ವಸಡು, ಬೇರು, ಸೆಟ್ಟು ಮೂರೂ ಒಂದೇ ತಲೆಯಲ್ಲಿ ಇರಬೇಕು. ಮೂರು ವಿಭಾಗದ ಮೂರು ಚೀಟಿಯಲ್ಲಿ ಇದ್ದರೆ ಆಗುವುದಿಲ್ಲ.

ಹಾಗೆ ಯೋಚಿಸುವುದನ್ನು ನಾನು ಕಲಿತದ್ದು ಆ ಒಂದು ವರ್ಷದಲ್ಲಿ.

ನಮ್ಮ ಜಿಲ್ಲೆಯಿಂದ ಎಷ್ಟೋ ಮಕ್ಕಳು ಬಿಡಿಎಸ್ ಮುಗಿಸಿ ಹೊರದೇಶಕ್ಕೆ ಹೊರಡುತ್ತಾರೆ. ಅವರ ಅಪ್ಪ ಅಮ್ಮಂದಿರಿಗೂ ಇದು ಗೊತ್ತಿರಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದಲ್ಲಿ ನಮ್ಮ ಬಿಡಿಎಸ್ ಒಂದರಿಂದಲೇ ಕ್ಲಿನಿಕ್ ತೆರೆಯಲು ಆಗುವುದಿಲ್ಲ. ಐಎನ್‌ಬಿಡಿಇ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಸಾಮಾನ್ಯವಾಗಿ ಅದರ ಜೊತೆಗೆ ಅಲ್ಲಿನ ಡೆಂಟಲ್ ಕಾಲೇಜಿಗೆ ಸೇರಿ ಎರಡು ಮೂರು ವರ್ಷ ಮತ್ತೆ ಓದಿ ಡಿಡಿಎಸ್ ಅಥವಾ ಡಿಎಂಡಿ ಪದವಿ ಪಡೆಯಬೇಕು. ಸೀಟು ಕೊಡುವ ಮೊದಲು ಎಷ್ಟೋ ಕಾಲೇಜುಗಳು ಪ್ಲಾಸ್ಟಿಕ್ ಹಲ್ಲಿನ ಮೇಲೆ ಕೆಲಸ ಮಾಡಿಸಿ ಕೈ ಪರೀಕ್ಷೆ ಮಾಡುತ್ತವೆ. ಖರ್ಚು ಬಹಳ. ತೋಟ ಅಡವಿಟ್ಟು ಕಳಿಸಿದ ಮನೆಗಳು ನನಗೆ ಗೊತ್ತು. ಬ್ರಿಟನ್ನಿನಲ್ಲಿ ಓಆರ್‌ಇ ಅಂತ ಎರಡು ಹಂತದ ಪರೀಕ್ಷೆ. ಕೆನಡಾ, ಆಸ್ಟ್ರೇಲಿಯಾದಲ್ಲೂ ಬರೆಯುವ ಪರೀಕ್ಷೆ, ಕೈಕೆಲಸದ ಪರೀಕ್ಷೆ ಎರಡೂ ಇವೆ. ನಮ್ಮ ದೇಶವೂ ಹಾಗೇ. ಹೊರಗೆ ಡೆಂಟಲ್ ಓದಿ ಬಂದವರು ಇಲ್ಲಿ ಸ್ಕ್ರೀನಿಂಗ್ ಪರೀಕ್ಷೆ ಪಾಸಾಗಬೇಕು. ಅದರಲ್ಲಿ ತಪ್ಪಿಲ್ಲ. ಜನರ ಬಾಯಿಗೆ ಕೈ ಹಾಕುವವರ ಕೈ ಹೇಗಿದೆ ಅಂತ ನೋಡಲೇಬೇಕು, ಅಲ್ವಾ?

ಇವೆಲ್ಲದರ ಜೊತೆಗೆ ಅಮೆರಿಕದಲ್ಲಿ ಇನ್ನೊಂದು ದಾರಿ ಇದೆ. ಅಡ್ವಾನ್ಸ್ಡ್ ಎಜುಕೇಶನ್ ಇನ್ ಜನರಲ್ ಡೆಂಟಿಸ್ಟ್ರಿ ಅಂತ ಅದರ ಹೆಸರು, ಎಇಜಿಡಿ ಅನ್ನುತ್ತಾರೆ. ಒಂದು ವರ್ಷ, ಕೆಲವು ಕಡೆ ಎರಡು ವರ್ಷ. ಆಸ್ಪತ್ರೆಯ ಒಳಗೇ ನಡೆಯುವ ಅದರ ಅಕ್ಕನಂಥ ತರಬೇತಿ ಜನರಲ್ ಪ್ರಾಕ್ಟೀಸ್ ರೆಸಿಡೆನ್ಸಿ. ಇದು ಸ್ಪೆಷಲಿಸ್ಟ್ ಆಗುವ ಓದಲ್ಲ. ಮಾಮೂಲಿ ಹಲ್ಲಿನ ಡಾಕ್ಟರನ್ನು ಗಟ್ಟಿ ಡಾಕ್ಟರನ್ನಾಗಿ ಮಾಡುವ ವರ್ಷ. ಕೆಲವು ಕಡೆ ಹೊರದೇಶದಲ್ಲಿ ಓದಿದವರನ್ನೂ ತೆಗೆದುಕೊಳ್ಳುತ್ತಾರೆ. ಇದರಿಂದಷ್ಟೇ ಹೆಚ್ಚಿನ ರಾಜ್ಯಗಳಲ್ಲಿ ಲೈಸೆನ್ಸ್ ಸಿಗುವುದಿಲ್ಲ, ಅದನ್ನು ಮಕ್ಕಳು ಮೊದಲೇ ತಿಳಿದುಕೊಳ್ಳಬೇಕು. ನಾನು ಇದ್ದದ್ದು ನ್ಯೂಯಾರ್ಕ್ ರಾಜ್ಯದಲ್ಲಿ. ಅಲ್ಲಿ 2007ರಿಂದ ಅಲ್ಲಿನದೇ ಕಾಲೇಜಿನಲ್ಲಿ ಓದಿದವರಿಗೂ ಲೈಸೆನ್ಸ್ ಬೇಕೆಂದರೆ ಇಂಥ ಒಂದು ವರ್ಷದ ರೆಸಿಡೆನ್ಸಿ ಕಡ್ಡಾಯ. ಬ್ರಿಟನ್ನಿನಲ್ಲೂ ಸರ್ಕಾರಿ ಆರೋಗ್ಯ ಸೇವೆಗೆ ಸೇರುವ ಹೊಸ ದಂತವೈದ್ಯರು ಒಂದು ವರ್ಷ ಫೌಂಡೇಶನ್ ತರಬೇತಿ ಮಾಡುತ್ತಾರೆ. ಪದವಿ ಕೈಗೆ ಬಂದ ಮೇಲೂ ಒಂದು ವರ್ಷ ಯಾರಾದರೂ ಜೊತೆಗೆ ನಿಲ್ಲಬೇಕು ಅಂತ ಆ ದೇಶಗಳು ಒಪ್ಪಿಕೊಂಡಿವೆ.

ಅಲ್ಲಿ ನಮ್ಮ ದಿನ ಬೆಳಿಗ್ಗೆ ಎಂಟಕ್ಕೆ ಶುರು. ರೋಗಿ ನನ್ನವರು ಅಂದರೆ ನನ್ನವರೇ. ವರ್ಷಪೂರ್ತಿ. ಮೊದಲ ಭೇಟಿಯಲ್ಲಿ ಹಲ್ಲನ್ನು ಮುಟ್ಟುವ ಹಾಗೇ ಇರಲಿಲ್ಲ. ನುಂಗುವ ಮಾತ್ರೆಗಳ ಪಟ್ಟಿ, ಬಿಪಿ, ಇಡೀ ಬಾಯಿಯ ಎಕ್ಸ್‌ರೇ, ಪ್ರತಿ ಹಲ್ಲಿನ ಸುತ್ತ ಆರು ಕಡೆ ವಸಡಿನ ಆಳ, ಫೋಟೋ. ಅದನ್ನೆಲ್ಲ ಇಟ್ಟುಕೊಂಡು ವಾರಕ್ಕೊಮ್ಮೆ ಎಲ್ಲರ ಮುಂದೆ ನಿಂತು ನನ್ನ ಯೋಜನೆ ಹೇಳಬೇಕು. ತುರ್ತಿನದು ಯಾವುದು, ರೋಗ ನಿಲ್ಲಿಸುವುದು ಹೇಗೆ, ಎಷ್ಟು ದಿನ ಕಾದು ಮತ್ತೆ ನೋಡುವುದು, ಆಮೇಲೆ ಏನು ಕಟ್ಟುವುದು, ಕಟ್ಟಿದ್ದನ್ನು ಉಳಿಸಿಕೊಳ್ಳುವುದು ಹೇಗೆ. ಮೇಷ್ಟ್ರು ಕೇಳುತ್ತಿದ್ದ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಇವರಿಗೆ ಏನು ಬೇಕಂತೆ, ಕೇಳಿದೆಯಾ? ಎಷ್ಟೋ ಸಲ ನಾನು ಕೇಳಿರಲಿಲ್ಲ. ತಿರುಗಿ ಹೋಗಿ ಕೇಳಿಕೊಂಡು ಬರುತ್ತಿದ್ದೆ. ಶುಗರ್ ಇರುವವರ ವಸಡು ಯಾಕೆ ಬೇಗ ಹಾಳಾಗುತ್ತದೆ, ವಸಡಿನ ಚಿಕಿತ್ಸೆ ಮಾಡಿದರೆ ಅವರ ಮೂರು ತಿಂಗಳ ಸರಾಸರಿ ಶುಗರ್ ಯಾಕೆ ಸ್ವಲ್ಪ ಇಳಿಯುತ್ತದೆ ಅನ್ನುವುದನ್ನು ಅಲ್ಲಿ ರೋಗಿಯ ರಿಪೋರ್ಟಿನಲ್ಲೇ ನೋಡಿದೆ. ಎಲುಬು ಸವೆತಕ್ಕೆ ಇಂಜೆಕ್ಷನ್ ತೆಗೆದುಕೊಳ್ಳುವ ಅಜ್ಜಿಯ ಹಲ್ಲು ಕೀಳುವ ಮೊದಲು ಯಾಕೆ ಹತ್ತು ಸಲ ಯೋಚಿಸಬೇಕು, ಪಾರ್ಶ್ವವಾಯು ಆದವರನ್ನು ಕುರ್ಚಿಯಲ್ಲಿ ಯಾವ ಕೋನದಲ್ಲಿ ಮಲಗಿಸಿದರೆ ನೀರು ಗಂಟಲಿಗೆ ಇಳಿಯುವುದಿಲ್ಲ, ಇವೆಲ್ಲ ಕೈಗೆ ಬಂದದ್ದು ಅಲ್ಲೇ.

ಆದರೆ ಅಲ್ಲಿನದನ್ನು ಹಾಗೇ ತಂದು ಇಲ್ಲಿ ಹಾಕಿದರೆ ಸಾಲದು. ಅದು ನನಗೆ ಅಲ್ಲಿದ್ದಾಗಲೇ ಗೊತ್ತಾಯಿತು. ಒಮ್ಮೆ ಒಂದು ಸಭೆಯಲ್ಲಿ ಊರಲ್ಲಿ ನೋಡಿದ್ದ ಒಂದು ಕಾಯಿಲೆಯ ಬಗ್ಗೆ ಹೇಳಿದೆ. ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗುತ್ತದೆ. ಖಾರ ತಾಗಿದರೆ ಉರಿ. ಬಾಯಿ ಬರಬರುತ್ತಾ ಮುಚ್ಚಿಕೊಳ್ಳುತ್ತದೆ. ನಮ್ಮ ಮೇಷ್ಟ್ರು ಅದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದರು. ಮಲೆನಾಡಿನ ಹಲ್ಲಿನ ಡಾಕ್ಟರಿಗೆ ಅದು ದಿನದ ಮಾತು. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. 1952ರಲ್ಲಿ ಇದನ್ನು ಮೊದಲು ದಾಖಲಿಸಿದ್ದು ಆಫ್ರಿಕಾದಲ್ಲಿದ್ದ ನಮ್ಮ ದೇಶದ ಮೂಲದ ಐವರು ಹೆಂಗಸರ ಬಾಯಲ್ಲಿ. ಕಾರಣ ಅಡಿಕೆ.

ಈ ಮಾತು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ. ನಾನೂ ಅಡಿಕೆ ತೋಟದ ಮನೆಯವಳು. ನನ್ನ ಓದಿನ ಫೀಸು ಕಟ್ಟಿದ್ದು ಅಡಿಕೆ. ಕೊಳೆರೋಗ ಬಂದ ವರ್ಷ, ಎಲೆಚುಕ್ಕಿ ಬಂದ ವರ್ಷ ನಮ್ಮ ಮನೆಯಲ್ಲಿ ಊಟದ ಹೊತ್ತಿಗೂ ಯಾರೂ ಮಾತಾಡುತ್ತಿರಲಿಲ್ಲ. ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆ ಇಡದೆ ನಮ್ಮಲ್ಲಿ ಯಾವ ನೆಂಟರನ್ನೂ ಕೂರಿಸುವುದಿಲ್ಲ. ಆದರೂ ಹೇಳಬೇಕಾದದ್ದನ್ನು ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ಸೇರಿಸಿ. ಬೆಳೆಗಾರರಿಗೆ ಇದು ಸಂಕಟದ ಮಾತು ಅಂತ ಗೊತ್ತು. ಬೆಲೆ, ಬದಲಿ ಬೆಳೆ ಇವುಗಳ ಚರ್ಚೆ ಬೇರೆ ಕಡೆ ಆಗಲಿ. ನನ್ನ ಕುರ್ಚಿಯಲ್ಲಿ ಕೂತವರ ಬಾಯಿ ತೆರೆಯುತ್ತಿಲ್ಲ ಅನ್ನುವುದು ಚರ್ಚೆಯ ವಿಷಯ ಅಲ್ಲ.

ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹಾಕಿದರೆ ಹೋಗಬೇಕು. ಈ ಪತ್ರ ಓದುತ್ತಿರುವವರು ಈಗಲೇ ನೋಡಿಕೊಳ್ಳಬಹುದು. ನನ್ನಲ್ಲಿಗೆ ಒಂದೂವರೆ ಬೆರಳಿನವರೂ ಬರುತ್ತಾರೆ. ಇಪ್ಪತ್ತೈದು ವರ್ಷದ ಹುಡುಗರೂ ಇರುತ್ತಾರೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಆದರೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಅಂತ ಬೇರೆ ಬೇರೆ ತಂದು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ಅಂಥವರಿಗೆ ಸೆಟ್ಟು ಕಟ್ಟಬೇಕಾದರೆ ಅಳತೆಯ ತಟ್ಟೆಯೇ ಬಾಯೊಳಗೆ ಹೋಗುವುದಿಲ್ಲ. ತಟ್ಟೆಯನ್ನು ಎರಡು ಭಾಗ ಮಾಡಿ, ಎಡ ಅರ್ಧದ ಅಳತೆ ಒಮ್ಮೆ, ಬಲ ಅರ್ಧದ್ದು ಒಮ್ಮೆ ತೆಗೆದು ಹೊರಗೆ ಜೋಡಿಸಬೇಕು. ಐಸ್‌ಕ್ರೀಂ ಕಡ್ಡಿಗಳನ್ನು ಒಂದೊಂದೇ ಹೆಚ್ಚಿಸಿಕೊಂಡು ದಿನಾ ಬಾಯಿ ತೆರೆಯುವ ವ್ಯಾಯಾಮ ಮಾಡಿಸಬೇಕು. ಕೆನ್ನೆಗೆ ಇಂಜೆಕ್ಷನ್ ಕೊಡಬೇಕು. ಎಲ್ಲಕ್ಕಿಂತ ಮೊದಲು, ಬೈಯದೆ, ಹೆದರಿಸದೆ, ಅಡಿಕೆ ತಿನ್ನುವುದನ್ನು ಬಿಡಿಸಬೇಕು. ಮತ್ತೆ ಪ್ರತಿ ಭೇಟಿಯಲ್ಲೂ ನಾಲಿಗೆಯ ಅಡಿ, ಕೆನ್ನೆಯ ಮೂಲೆ ನೋಡಬೇಕು. ಈ ಕಾಯಿಲೆ ಇರುವವರಲ್ಲಿ ಕೆಲವರಿಗೆ ಮುಂದೆ ಅದೇ ಜಾಗದಲ್ಲಿ ಕ್ಯಾನ್ಸರ್ ಆಗುತ್ತದೆ. ಎರಡು ವಾರ ದಾಟಿದರೂ ಮಾಯದ ಹುಣ್ಣನ್ನು ಹಳ್ಳಿಯ ಹಲ್ಲಿನ ಡಾಕ್ಟರ್ ಗುರುತಿಸಿ ಕಳಿಸಿದರೆ ಒಂದು ಜೀವ ಉಳಿಯುತ್ತದೆ. ಇದನ್ನೆಲ್ಲ ನ್ಯೂಯಾರ್ಕಿನಲ್ಲಿ ಯಾರೂ ನನಗೆ ಕಲಿಸಲಿಲ್ಲ. ಕಲಿಸಲು ಅವರಿಗೆ ರೋಗಿಗಳೇ ಇರಲಿಲ್ಲ. ರೋಗಿಗಳು ಇರುವುದು ಇಲ್ಲಿ, ಕಲಿಯಬೇಕಾದದ್ದೂ ಇಲ್ಲೇ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ದಂತ ಭಾಗ್ಯ ಯೋಜನೆಯಲ್ಲಿ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವುದು ಒಳ್ಳೆಯ ಕೆಲಸ. ನನ್ನ ಎಷ್ಟೋ ರೋಗಿಗಳನ್ನು ನಾನೇ ಅದಕ್ಕೆ ಕಳಿಸಿದ್ದೇನೆ. ಆದರೆ ಸೆಟ್ಟು ಅಂದರೆ ಹಲ್ಲು ಹೋದ ಮೇಲಿನ ಮಾತು. ಅದಕ್ಕೆ ಹತ್ತು ವರ್ಷ ಮೊದಲು ಆ ಬಾಯಿಯನ್ನು ನೋಡಿಕೊಳ್ಳುವವರು ಬೇಕಲ್ಲ?

ಎಂಡಿಎಸ್ ಸೀಟು ಜಾಸ್ತಿ ಮಾಡಿದರೆ ಆಯಿತು ಅಂತ ಕೆಲವು ಗೆಳೆಯರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೊಸನಗರದಲ್ಲಿ, ಸೊರಬದಲ್ಲಿ ಒಂಬತ್ತು ಸ್ಪೆಷಲಿಸ್ಟರು ಬಂದು ಕೂರುವುದು ಆಗದ ಮಾತು. ಒಬ್ಬರೇ ಇರುತ್ತಾರೆ. ಆ ಒಬ್ಬರು ಗಟ್ಟಿಯಾಗಿರಬೇಕು.

ಹಾಗಾದರೆ ಏನು ಮಾಡಬಹುದು? ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳುತ್ತೇನೆ. ಶಿವಮೊಗ್ಗದಲ್ಲಿ ಸಿಮ್ಸ್ ಅನ್ನುವ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಮೆಗ್ಗಾನ್ ಆಸ್ಪತ್ರೆ ಇದೆ. ಹೃದಯ, ಶುಗರ್, ಕಿಡ್ನಿ, ನರದ ರೋಗಿಗಳು ದಿನಾ ಅಲ್ಲಿಗೆ ಬರುತ್ತಾರೆ. ಅದೇ ಆವರಣದಲ್ಲಿ ಹತ್ತು ಕುರ್ಚಿಯ ಒಂದು ವಯಸ್ಕರ ದಂತ ಘಟಕ ಮಾಡಿ. ವರ್ಷಕ್ಕೆ ಎಂಟು ಹತ್ತು ಬಿಡಿಎಸ್ ಪದವೀಧರರನ್ನು ಒಂದು ವರ್ಷಕ್ಕೆ ತೆಗೆದುಕೊಳ್ಳಿ. ಸ್ಟೈಪೆಂಡ್ ಕೊಡಿ, ಇಲ್ಲದಿದ್ದರೆ ಬಡ ಮನೆಯ ಮಕ್ಕಳು ಬರುವುದಿಲ್ಲ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದಲ್ಲಿ ಫೆಲೋಶಿಪ್ ಕೋರ್ಸುಗಳು ಈಗಾಗಲೇ ಇವೆ, ಅದೇ ಚೌಕಟ್ಟಿನಲ್ಲಿ ಇದನ್ನೂ ಶುರು ಮಾಡಬಹುದು ಅಂತ ನನ್ನ ನಂಬಿಕೆ. 1948ರ ದಂತವೈದ್ಯರ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಬಂದಿದೆ. ನಿಯಮಗಳು ಹೊಸದಾಗಿ ರೂಪುಗೊಳ್ಳುವ ಈ ಹೊತ್ತಿನಲ್ಲಿ ಕರ್ನಾಟಕ ಒಂದು ಮಾದರಿ ಮಾಡಿ ತೋರಿಸಿದರೆ ದೆಹಲಿಯವರೂ ನೋಡುತ್ತಾರೆ.

ಕಲಿಯುವವರು ವಾರದಲ್ಲಿ ಎರಡು ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಲಿ. ತೀರ್ಥಹಳ್ಳಿಗೆ, ಶಿಕಾರಿಪುರಕ್ಕೆ, ನಮ್ಮ ಸಾಗರಕ್ಕೆ. ಅಲ್ಲಿನ ದಂತ ಆರೋಗ್ಯಾಧಿಕಾರಿಗಳ ಜೊತೆ ಕೂತು ಕೆಲಸ ಮಾಡಲಿ. ಪ್ರತಿಯೊಬ್ಬರೂ ಮೂವತ್ತು ನಲವತ್ತು ಜನರನ್ನು ತಮ್ಮವರು ಅಂತ ಬರೆದುಕೊಂಡು, ಮೊದಲಿಂದ ಕೊನೆಯವರೆಗೆ ನೋಡಿ, ವರ್ಷದ ಕೊನೆಗೆ ಆ ಬಾಯಿಗಳನ್ನೇ ಪರೀಕ್ಷೆಗೆ ತೋರಿಸಲಿ. ಎಷ್ಟು ಹಲ್ಲು ಕಿತ್ತರು ಅನ್ನುವ ಲೆಕ್ಕ ಬೇಡ, ಎಷ್ಟು ಉಳಿಸಿದರು ಅನ್ನುವ ಲೆಕ್ಕ ಇರಲಿ.

ಇದರಲ್ಲಿ ಎರಡು ಸೀಟನ್ನು ಹೊರಗಿನಿಂದ ಬಂದವರಿಗೆ ಇಡಿ. ಹೊರದೇಶದಲ್ಲಿ ಡೆಂಟಲ್ ಓದಿ, ಇಲ್ಲಿ ಸ್ಕ್ರೀನಿಂಗ್ ಪಾಸಾದ ಮಕ್ಕಳಿದ್ದಾರೆ. ಅವರಿಗೆ ನಮ್ಮ ಜನರ ಬಾಯಿ, ನಮ್ಮ ಅಡಿಕೆ, ನಮ್ಮ ಭಾಷೆಯಲ್ಲಿ ನೋವು ಹೇಳುವ ರೀತಿ ಎಲ್ಲ ಹೊಸದು. "ಹಲ್ಲು ಜುಮ್ಮನ್ನುತ್ತೆ", "ಸೆಳೀತಾ ಇದೆ", "ಚುಚ್ಚುತ್ತೆ" ಇವುಗಳ ನಡುವಿನ ವ್ಯತ್ಯಾಸ ತಿಳಿದರೆ ಅರ್ಧ ರೋಗ ಗೊತ್ತಾದ ಹಾಗೆ. ಹಾಗೇ ಹೊರಗೆ ತರಬೇತಿ ಮುಗಿಸಿ ನನ್ನ ಹಾಗೆ ಮರಳಿದವರೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದೇವೆ. ನಮ್ಮ ಸರ್ಟಿಫಿಕೇಟು ಎಂಡಿಎಸ್ ಅಲ್ಲ, ಹಾಗಾಗಿ ಯಾವ ಕಾಲೇಜಿನ ಪಟ್ಟಿಯಲ್ಲೂ ನಾವು ಮೇಷ್ಟ್ರುಗಳಲ್ಲ. ನಮ್ಮನ್ನು ಕಲಿಸುವುದಕ್ಕೆ ಕರೆಯಿರಿ.

ದುಡ್ಡಿನ ಮಾತಿಗೂ ಬರುತ್ತೇನೆ. ಕೊಡಾಕ್ ಕ್ಯಾಮೆರಾ ಕಂಪನಿ ಕಟ್ಟಿದ ಜಾರ್ಜ್ ಈಸ್ಟ್‌ಮನ್ ತಮ್ಮ ಊರಾದ ರೋಚೆಸ್ಟರಿನಲ್ಲಿ ಬಡ ಮಕ್ಕಳಿಗಾಗಿ ಒಂದು ಹಲ್ಲಿನ ಆಸ್ಪತ್ರೆ ಕಟ್ಟಿಸಿದರು. 1917ರಲ್ಲಿ ಅದು ಬಾಗಿಲು ತೆರೆಯಿತು. ಇವತ್ತು ಬೇರೆ ಬೇರೆ ದೇಶಗಳ ದಂತವೈದ್ಯರು ಅಲ್ಲಿಗೆ ತರಬೇತಿಗೆ ಹೋಗುತ್ತಾರೆ. ಕ್ಯಾಮೆರಾಕ್ಕೂ ಹಲ್ಲಿಗೂ ಯಾವ ನಂಟೂ ಇರಲಿಲ್ಲ. ಅಡಿಕೆಗೂ ಬಾಯಿಗೂ ನಂಟಿದೆ. ಅಡಿಕೆಯಿಂದ ಸರ್ಕಾರಕ್ಕೆ ಜಿಎಸ್‌ಟಿ ಬರುತ್ತದೆ. ಶಿವಮೊಗ್ಗದ ಅಡಿಕೆ ಮಂಡಿಗಳು, ಬೆಳೆಗಾರರ ಸಹಕಾರ ಸಂಘಗಳು ಈ ಊರಿನ ಎಷ್ಟೋ ಒಳ್ಳೆಯ ಕೆಲಸಕ್ಕೆ ಕೈ ಜೋಡಿಸಿವೆ. ಈ ಘಟಕದ ಒಂದೊಂದು ಕುರ್ಚಿಯನ್ನು ಒಂದೊಂದು ಸಂಘ ಕೊಡಿಸಲಿ ಅಂತ ನಾನು ಅವರನ್ನೂ ಇದೇ ಪತ್ರದಲ್ಲಿ ಕೇಳಿಕೊಳ್ಳುತ್ತಿದ್ದೇನೆ.

ನಮ್ಮ ಊರುಗಳಿಗೆ ಬಂದು ನೋಡಿ. ದೊಡ್ಡ ದೊಡ್ಡ ಮನೆಗಳಲ್ಲಿ ಇಬ್ಬರೇ ಇರುತ್ತಾರೆ. ಮಕ್ಕಳು ಬೆಂಗಳೂರಲ್ಲಿ, ಅದಕ್ಕಿಂತ ದೂರದಲ್ಲಿ. ತಿಂಗಳಿಗೊಮ್ಮೆ ಬಿಪಿ ಮಾತ್ರೆ ತರಲು ಪೇಟೆಗೆ ಬರುತ್ತಾರೆ. ಹಲ್ಲಿನ ನೋವನ್ನು ಲವಂಗ ಇಟ್ಟುಕೊಂಡು ತಡೆಯುತ್ತಾರೆ. "ವಯಸ್ಸಾಯ್ತಲ್ಲ, ಇನ್ನೆಷ್ಟು ದಿನ" ಅನ್ನುತ್ತಾರೆ. ಅಷ್ಟು ದಿನವೂ ಅವರು ಊಟ ಮಾಡಬೇಕು.

ನನ್ನ ಪಾಲಿನದನ್ನು ಹೇಳಿ ಮುಗಿಸುತ್ತೇನೆ. ಈ ತರಬೇತಿ ಶುರುವಾದರೆ ವಾರದಲ್ಲಿ ಎರಡು ದಿನ ನಾನು ಶಿವಮೊಗ್ಗಕ್ಕೆ ಬಂದು ಕಲಿಸುತ್ತೇನೆ. ಸಂಬಳ ಬೇಡ. ತಾಳಗುಪ್ಪದಿಂದ ಬೆಳಿಗ್ಗೆ ರೈಲು ಇದೆ, ಸಾಗರದಲ್ಲಿ ಹತ್ತಿದರೆ ಕ್ಲಾಸಿನ ಹೊತ್ತಿಗೆ ಬಂದು ಸೇರಬಹುದು. ನಾನು ಅಲ್ಲಿ ಬಳಸಿದ ರೋಗಿ ವಿವರದ ಫಾರ್ಮನ್ನು ಕನ್ನಡದಲ್ಲಿ ಮಾಡಿಟ್ಟುಕೊಂಡಿದ್ದೇನೆ. ಮೊದಲ ಸಾಲಿನಲ್ಲೇ "ದಿನಾ ನುಂಗುವ ಮಾತ್ರೆಗಳು ಯಾವುವು? ಚೀಲದಲ್ಲಿದ್ದರೆ ತೋರಿಸಿ" ಅಂತ ಇದೆ. ಯಾವ ಕ್ಲಿನಿಕ್ಕಿನವರು, ಯಾವ ಕಾಲೇಜಿನವರು ಕೇಳಿದರೂ ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ದಂತವೈದ್ಯೆ